ಒನಕೆ ಹೆಜ್ಜೆ

ನನ್ನ ಗಂಡನೂ ಅವರ ಅಣ್ಣನೂ ಎರಡು ವರ್ಷ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಜಗಳವಾಡಿ ಮಾತು ಬಿಟ್ಟಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಜಗಳವಾದರೆ ನಾಲ್ಕು ಜನ ಕೂತು ಬಗೆಹರಿಸಬಹುದು. ಇವರದು ಬರೀ ಮೌನ. ಒಂದೇ ಒಲೆಯ ಮುದ್ದೆ ಉಣ್ಣುತ್ತಿದ್ದರು, ಒಂದೇ ಹಿಂಡಿನ ಹಿಂದೆ ಹೋಗುತ್ತಿದ್ದರು, ಆದರೆ ಅಣ್ಣ ಬಂದರೆ ತಮ್ಮ ಎದ್ದು ಹೋಗುತ್ತಿದ್ದರು. ನಡುವೆ ಸುದ್ದಿ ಮುಟ್ಟಿಸುವ ಕೆಲಸ ನನಗೂ ನನ್ನ ಓರಗಿತ್ತಿ ವೀರಮ್ಮಕ್ಕನಿಗೂ ಬಿದ್ದಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಗಡಿಗೆ ಹಾಲು.

ನಮ್ಮದು ಸಿದ್ದಾಪುರದ ಹತ್ತಿರದ ಹಟ್ಟಿ. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ನನ್ನ ಮಾವನ ಮನೆಯವರು ಮೂರು ತಲೆಮಾರಿನಿಂದ ದೇವರ ದನ ಕಾಯುವವರು. ದೇವರ ದನವನ್ನು ಯಾರೂ ಹೂಡುವುದಿಲ್ಲ, ಯಾರೂ ಮಾರುವುದಿಲ್ಲ. ಅವುಗಳನ್ನು ಕೂಡುವ ರೊಪ್ಪ ಬ್ರಹ್ಮಗಿರಿಯ ಬುಡದಲ್ಲಿ, ಮುಳ್ಳುಬೇಲಿಯೊಳಗೆ. ಹೆಂಗಸರು ಆ ಬೇಲಿ ದಾಟುವಂತಿಲ್ಲ. ದೀಪಾವಳಿ ಕಳೆದ ಮೊದಲ ಸೋಮವಾರ ಆ ಹಿಂಡಿನ ಹಾಲನ್ನು ಒಂದು ಮಣ್ಣಿನ ಗಡಿಗೆಗೆ ಕರೆಯುತ್ತಾರೆ, ಬಾಯಿಗೆ ಒಂದು ಬೆರಳು ಕಡಿಮೆ. ಗಡಿಗೆಯನ್ನು ಹಗ್ಗದ ನೆಲುವಿನಲ್ಲಿಟ್ಟು, ನೆಲುವನ್ನು ಬಿದಿರಿನ ಗಳದ ನಡುವಿಗೆ ತೂಗುಹಾಕಿ, ಕಾಯುವ ಮನೆಯ ಇಬ್ಬರು ಗಂಡಸರು ಹಿಂದೊಬ್ಬ ಮುಂದೊಬ್ಬ ಹೆಗಲು ಕೊಟ್ಟು, ಒಂದು ಹರದಾರಿ ದೂರದ ಹಟ್ಟಿಯ ಗುಡಿಗೆ ತರಬೇಕು. ಗಡಿಗೆಯ ಬಾಯಿ ಕಟ್ಟುವಂತಿಲ್ಲ, ಹಾಲಿನ ಮೇಲೆ ಎಲೆ ತೇಲಿಬಿಡುವಂತಿಲ್ಲ, ಒಂದು ಹನಿ ಚೆಲ್ಲುವಂತಿಲ್ಲ.

ಚೆಲ್ಲಿದರೆ ಹೊತ್ತವರಲ್ಲಿ ಒಬ್ಬನ ಬಾಯಿಯೋ ಮನಸ್ಸೋ ಕೆಟ್ಟಿದೆ ಎಂದು ಅರ್ಥ. ಬಾಯಿ ಕೆಡುವುದೆಂದರೆ ಹೊರುವವರು ಅಂದು ಹಿಡಿಯುವ ಉಪವಾಸ ಮುರಿದಿರಬೇಕು, ಇಲ್ಲವೇ ನಮ್ಮ ಕುಲದವರು ಮುಟ್ಟಬಾರದ ಈಚಲು ಹೆಂಡ ಕುಡಿದಿರಬೇಕು. ಮನಸ್ಸು ಕೆಡುವುದೆಂದರೆ ಇಬ್ಬರ ನಡುವೆ ಒಳಗೊಳಗೇ ಹಗೆ ಇರಬೇಕು.

ಮಾವನೂ ಚಿಕ್ಕಮಾವನೂ ಇಪ್ಪತ್ತೆರಡು ವರ್ಷ ಹೊತ್ತರು. ಒಂದು ಹನಿ ಬೀಳಲಿಲ್ಲ. ಚಿಕ್ಕಮಾವ ಪ್ಲೇಗಿನಲ್ಲಿ ಹೋದರು, ಆ ಮಳೆಗಾಲದಲ್ಲೇ ಮಾವನೂ ತೀರಿಕೊಂಡರು. ಮಾರಿಕಣಿವೆಯ ಕಟ್ಟೆ ಕೆಲಸಕ್ಕೆ ಹೋಗಿದ್ದ ನನ್ನ ಗಂಡ ಸುದ್ದಿ ಕೇಳಿ ಓಡಿ ಬಂದರು. ಗಂಡನ ಹೆಸರು ಹೆಂಡತಿ ಹೇಳಬಾರದು, ಆದರೆ ಹೇಳದಿದ್ದರೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ: ಸೂರಪ್ಪ. ಬಾವನ ಹೆಸರು ಪೆದ್ದಣ್ಣ. ಆ ವರ್ಷ ಗಳಕ್ಕೆ ಇವರಿಬ್ಬರೂ ಹೆಗಲು ಕೊಟ್ಟರು. ಹಳ್ಳ ದಾಟುವ ಮೊದಲೇ ಗಡಿಗೆಯ ಹಾಲು ಎದ್ದು ಮುಂದಿದ್ದ ಬಾವನ ಬೆನ್ನಿಗೆ ಚೆಲ್ಲಿತು.

ಹಟ್ಟಿಯ ಹಿರಿಯ ದೊಡ್ಡೀರಪ್ಪ ಕಣ್ಣು ಮುಚ್ಚಿಕೊಂಡು ಯೋಚಿಸಿ, ಅಣ್ಣತಮ್ಮಂದಿರ ಹೆಜ್ಜೆಯಲ್ಲಿ ಹೊಂದಿಕೆ ಸಾಲದು ಎಂದರು. ಎರಡನೆಯ ವರ್ಷ ಮುಂದೆ ಒಬ್ಬನನ್ನು ಉರುಮೆ ಬಾರಿಸಲು ಬಿಟ್ಟರು. ಉರುಮೆಯ ಪೆಟ್ಟಿಗೆ ಸರಿಯಾಗಿ ಇಬ್ಬರ ಕಾಲೂ ಒಟ್ಟಿಗೆ ನೆಲಕ್ಕೆ ಬೀಳಬೇಕು. ಬಿದ್ದವು. ನೋಡಲು ಚೆನ್ನಾಗಿಯೇ ಇತ್ತು. ಹಾಲು ಮಾತ್ರ ಮೊದಲ ವರ್ಷದ ಎರಡರಷ್ಟು ಚೆಲ್ಲಿತು.

"ಮೂರನೇ ಸಲ ಚೆಲ್ಲಿದ್ರೆ ದನ ಪಕ್ಕದ ಹಟ್ಟಿಯೋರಿಗೆ ಹೋಗ್ತಾವೆ," ಎಂದರು ದೊಡ್ಡೀರಪ್ಪ. "ನೀವಿಬ್ರೂ ಒಂದೇ ಸೂರಿನಾಗೆ ಇರೋದೂ ಬ್ಯಾಡ. ಮನೆ ಪಾಲು ಮಾಡ್ಕೊಡ್ತೀವಿ. ಹಗೆ ಇಟ್ಕೊಂಡು ಒಂದೇ ಒಲೆ ಉರಿಸಬಾರ್ದು."

ಹಗೆ ಎಲ್ಲಿತ್ತೋ ನಾನು ಕಾಣೆ. ಆದರೆ ಮೊದಲ ಸಲ ಚೆಲ್ಲಿದ ದಿನದಿಂದಲೇ ಇಬ್ಬರೂ ನಿಜವಾಗಿಯೇ ಮುಖ ತಪ್ಪಿಸಿ ಓಡಾಡತೊಡಗಿದ್ದರು. ಊರಿನವರು ಹೇಳಿದ್ದು ನಿಜ ಎಂದು ಊರಿಗೆ ಸಾಕ್ಷಿ ಸಿಕ್ಕಂತಾಯಿತು. ದೇವರ ದನ ಹೋದರೆ ಇವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ವೀರಮ್ಮಕ್ಕನನ್ನು ಬಿಟ್ಟು ಬೇರೆ ಒಲೆ ಹೂಡುವುದನ್ನು ನೆನೆದರೆ ನನಗೆ ಅಳು ಬರುತ್ತಿತ್ತು. ನಾವಿಬ್ಬರೂ ದಿನಕ್ಕೆ ಮೂರು ಸಲ ಕಿತ್ತಾಡುತ್ತಿದ್ದೆವು, ಅದು ಬೇರೆ ಮಾತು.

ಮೂರನೆಯ ವರ್ಷದ ಸೋಮವಾರಕ್ಕೆ ಎಂಟು ದಿನ ಉಳಿದಿತ್ತು. ಬಂಡೆಯ ಮೇಲಿನ ದೊಣೆಗೆ ಬಟ್ಟೆ ಒಗೆಯಲು ಹೋಗಿದ್ದೆ. ಮಳೆನೀರು ನಿಂತ ಕಲ್ಲಿನ ಕುಳಿ ಅದು, ನಾಲ್ಕು ಮಾರು ಅಗಲ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಅಂಚಿಗೆ ಕೂತು ಎರಡೂ ಅಂಗೈಯಿಂದ ನೀರನ್ನು ಬಡಿದೆ. ಎರಡು ಕಡೆಯಿಂದ ಅಲೆ ಎದ್ದು ಬಳೆ ಬಳೆಯಾಗಿ ಹರಡಿದವು. ನನ್ನ ಎರಡು ಕೈಗಳ ನಡುವೆ ಸರಿಯಾಗಿ ತಂಗಡಿ ಹೂವಿನ ಒಂದು ಎಸಳು ತೇಲುತ್ತಿತ್ತು. ಅಲೆ ಬಂದಾಗ ಎದ್ದಿತು, ಇಳಿಯಿತು, ಇದ್ದಲ್ಲೇ ಉಳಿಯಿತು. ಅಲೆ ಮಾತ್ರ ಮುಂದೆ ಹೋಗಿ ಆಚೆಯ ಕಲ್ಲಿಗೆ ಬಡಿದು ಹಿಂದಕ್ಕೆ ಬಂತು. ನೀರು ಹೋಗುವುದಿಲ್ಲ, ಅದರ ಅಲುಗಾಟ ಹೋಗುತ್ತದೆ ಎಂದು ಇಷ್ಟು ವರ್ಷ ನೀರು ಹೊತ್ತರೂ ನಾನು ಗಮನಿಸಿರಲಿಲ್ಲ.

ಇನ್ನೊಂದೂ ಕಂಡೆ. ಬಲಗೈಯ ಅಲೆ, ಎಡಗೈಯ ಅಲೆ ಎದುರುಬದುರಾಗಿ ಬಂದು ಒಂದರೊಳಗೊಂದು ಹೊಕ್ಕು ಏನೂ ಆಗದವರ ಹಾಗೆ ತಮ್ಮ ದಾರಿ ಹಿಡಿದು ಹೋದವು. ಆದರೆ ಕೂಡಿದ ಕ್ಷಣದಲ್ಲಿ ಎಸಳು ಎರಡರಷ್ಟು ಎತ್ತರಕ್ಕೆ ಜಿಗಿಯಿತು. ಹಾಗಾದರೆ ನೋಡೋಣವೆಂದು ಕೈಗಳನ್ನು ಒಂದಾದ ಮೇಲೊಂದು ಬಡಿದೆ. ಬಲಗೈ ಕೆಳಗೆ ಹೋದಾಗ ಎಡಗೈ ಮೇಲೆ, ಎಡಗೈ ಕೆಳಗೆ ಹೋದಾಗ ಬಲಗೈ ಮೇಲೆ.

ಎಸಳು ಅಲ್ಲಾಡಲಿಲ್ಲ.

ತೋಳು ಸೋಲುವವರೆಗೆ ಬಡಿದೆ. ಆಚೀಚೆ ನೀರು ಕುಣಿಯುತ್ತಿತ್ತು, ನಟ್ಟ ನಡುವೆ ಮಾತ್ರ ಎಸಳು ಸುಮ್ಮನೆ ಕೂತಿತ್ತು. ಬಲಗಡೆಯ ಅಲೆಯ ಉಬ್ಬು ಅದನ್ನು ಎತ್ತಬೇಕು ಎನ್ನುವಷ್ಟರಲ್ಲಿ ಎಡಗಡೆಯ ಅಲೆಯ ತಗ್ಗು ಬಂದು ಇಳಿಸುತ್ತಿತ್ತು. ಎತ್ತಿದ್ದೂ ಇಳಿಸಿದ್ದೂ ಸರಿಹೋಗಿ ಅದರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ತಟ್ಟನೆ ಹೊಳೆಯಿತು: ಗಳದ ಎರಡು ತುದಿಗೆ ಇಬ್ಬರು, ನಟ್ಟ ನಡುವೆ ಗಡಿಗೆ.

ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ವೀರಮ್ಮಕ್ಕ ಹಿತ್ತಲಲ್ಲಿ ನವಣೆ ಕೇರುತ್ತಿದ್ದಳು.

"ಅಕ್ಕಾ, ಈ ಗಳ ಆ ಕಡೆ ಹಿಡಿ."

"ಯಾಕೆ, ನೀರು ತರಾಕಾ?"

"ಚೆಲ್ಲಾಕೆ."

ಅವಳು ನನ್ನನ್ನು ಒಂದು ಥರ ನೋಡಿದಳು, ಆದರೆ ಬಂದಳು. ಗಡಿಗೆಗೆ ನೀರು ತುಂಬಿ, ಗಳದ ನಡುವಿಗೆ ನೇತುಹಾಕಿ, ಹಿತ್ತಲಿನುದ್ದಕ್ಕೆ ಕಾಲಿಗೆ ಕಾಲು ಕೂಡಿಸಿ ನಡೆದೆವು. ಹತ್ತು ಹೆಜ್ಜೆಗೆ ನೀರು ತೊನೆಯತೊಡಗಿತು, ಹದಿನೈದಕ್ಕೆ ಚೆಲ್ಲಿತು. ಜೋಕಾಲಿಯನ್ನು ಜೋರಾಗಿ ತಳ್ಳಬೇಕಾಗಿಲ್ಲ, ಅದು ಹಿಂದಕ್ಕೆ ಬಂದಾಗಲೆಲ್ಲ ಸಣ್ಣಗೆ ಮುಟ್ಟಿದರೂ ಸಾಕು, ಎತ್ತರ ಏರುತ್ತ ಹೋಗುತ್ತದೆ. ಗಡಿಗೆಯೊಳಗಿನ ನೀರಿಗೂ ಅಂಥ ಒಂದು ತೂಗು ಇದೆ. ನಮ್ಮ ನಡಿಗೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು, ಅದೂ ಇಬ್ಬರದೂ ಒಟ್ಟಿಗೆ.

"ಈಗ ಇನ್ನೊಂದು ಥರ ನಡೆಯಾನ," ಎಂದೆ. "ನಿನ್ನ ಕಾಲು ನೆಲಕ್ಕೆ ಬಿದ್ದಾಗ ನನ್ನ ಕಾಲು ಮೇಲಿರಬೇಕು. ನನ್ನದು ಬಿದ್ದಾಗ ನಿನ್ನದು."

"ಅದೆಂಗೆ ಬರ್ತೈತೆ?"

"ಒಂದೇ ಒರಳಿಗೆ ಇಬ್ರೂ ಒನಕೆ ಹಾಕ್ತೀವಲ್ಲ, ಹಂಗೆ. ಇಬ್ರ ಒನಕೇನೂ ಒಟ್ಟಿಗೆ ಇಳಿದ್ರೆ ಏನಾಗ್ತೈತೆ?"

"ನಿನ್ನ ಒನಕೆ ನನ್ನ ಮೂಗಿಗೆ ಬೀಳ್ತೈತೆ," ಎಂದಳು ವೀರಮ್ಮಕ್ಕ. ಅರ್ಥವಾಗಿತ್ತು.

ಕುಟ್ಟುವ ಹಾಗೆಯೇ ಬಾಯಲ್ಲಿ ಹ್ಞುಂ, ಹ್ಞುಂ ಎನ್ನುತ್ತ ನಡೆದೆವು. ಅವಳ ಹೆಜ್ಜೆ, ನನ್ನ ಹೆಜ್ಜೆ, ಅವಳದು, ನನ್ನದು. ಗಳದ ನನ್ನ ತುದಿ ಏರಿದಾಗ ಅವಳ ತುದಿ ಇಳಿಯುತ್ತಿತ್ತು, ನಡು ಮಾತ್ರ ಇದ್ದ ಮಟ್ಟದಲ್ಲೇ ಇರುತ್ತಿತ್ತು. ಹಿತ್ತಲನ್ನು ಆರು ಸುತ್ತು ಹಾಕಿದೆವು. ನೀರು ಸ್ವಲ್ಪ ನಡುಗಿತೇ ಹೊರತು ಬಾಯಿಯ ಹತ್ತಿರ ಬರಲಿಲ್ಲ. ವೀರಮ್ಮಕ್ಕ ಗಳ ಇಳಿಸಿ ನೆಲಕ್ಕೆ ಕೂತಳು.

"ಮಾವ ಕುಂಟ್ತಿದ್ರಲ್ಲೇ," ಎಂದಳು.

ಹೌದು. ಮಾವನ ಎಡಗಾಲನ್ನು ಹೋರಿಯೊಂದು ತುಳಿದಿತ್ತು. ಅವರ ಹೆಜ್ಜೆ ಯಾರ ಹೆಜ್ಜೆಗೂ ಕೂಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹಟ್ಟಿಯವರು ಅವರ ಭಕ್ತಿಯನ್ನು ಹೊಗಳಿದ್ದರು. ಭಕ್ತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಹಾಲನ್ನು ಉಳಿಸಿದ್ದು ಆ ಕಾಲು. ದೊಡ್ಡೀರಪ್ಪನವರು ಉರುಮೆ ತಂದು ಮಕ್ಕಳ ಕಾಲನ್ನು ಕೂಡಿಸಿ, ಚೆಲ್ಲುವುದನ್ನು ಇನ್ನಷ್ಟು ಪಕ್ಕಾ ಮಾಡಿದ್ದರು.

ಗೊತ್ತಾದದ್ದು ಸುಲಭ, ಗಂಡಸರಿಗೆ ಹೇಳುವುದು ಕಷ್ಟ. ಬಾವನ ಎದುರು ನಿಂತು ನಾನು ಮಾತಾಡುವಂತಿರಲಿಲ್ಲ. ಅವರಿಗೆ ವೀರಮ್ಮಕ್ಕ ಹೇಳಿದಳು, ಇವರಿಗೆ ನಾನು ಹೇಳಿದೆ.

"ದೇವರ ಹಾಲನ್ನ ಹೆಂಗಸರ ಒನಕೆ ಲೆಕ್ಕದಾಗೆ ಹೊರಾದಾ?" ಎಂದರು ನನ್ನ ಗಂಡ. "ಚೆಲ್ಲಾಕೆ ಬೇರೆ ಕಾರಣ ಇರ್ತೈತೆ ಕಣೆ. ನಿನಗೆ ಗೊತ್ತಿಲ್ಲ."

"ನಿಮಗೆ ಗೊತ್ತಿದ್ರೆ ಹೇಳ್ರಿ."

ಅವರು ನೆಲ ನೋಡಿದರು. ನನಗೆ ರೇಗಿತು. "ಹಂಗಾದ್ರೆ ಚೆಲ್ರಿ. ಮನೆ ನಡುವೆ ಗೋಡೆ ಎಬ್ಬಿಸ್ಕೊಳ್ರಿ. ನಾನು ಮಾತ್ರ ಆ ಗೋಡೆಗೆ ಒಂದು ಹೆಡಿಗೆ ಮಣ್ಣೂ ಹೊರಲ್ಲ."

ಅಷ್ಟರಲ್ಲಿ ಬಾವ ಒಳಗಿನಿಂದ ಬಂದು ಮಾತಿಲ್ಲದೆ ಗಳದ ಮುಂದಿನ ತುದಿಗೆ ಹೆಗಲು ಕೊಟ್ಟು ನಿಂತರು. ಇವರೂ ಹಿಂದಿನ ತುದಿಗೆ ಹೋದರು. ನಾವಿಬ್ಬರೂ ಒರಳಿಗೆ ನವಣೆ ಸುರಿದು ಒನಕೆ ಹಿಡಿದೆವು. ಬಾವ ತಮ್ಮ ಹೆಂಡತಿಯ ಒನಕೆಗೆ ಹೆಜ್ಜೆ ಹಾಕಬೇಕು, ಇವರು ನನ್ನ ಒನಕೆಗೆ. ಮೊದಲ ಸುತ್ತಿನಲ್ಲಿ ಮುಗ್ಗರಿಸಿದರು. ಹುಟ್ಟಿದಾಗಿನಿಂದ ಒಟ್ಟಿಗೆ ನಡೆದ ಕಾಲುಗಳು, ಬಿಟ್ಟರೆ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಐದನೆಯ ಸುತ್ತಿಗೆ ಗಡಿಗೆಯ ನೀರು ತಣ್ಣಗೆ ನಿಂತಿತು.

ಇಬ್ಬರೂ ನಿಂತು ಆ ನೀರನ್ನೇ ನೋಡಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಬಾವ ಮುಖ ಒರೆಸಿಕೊಂಡು ಹೊರಗೆ ಹೋದರು. ಇವರು ದನದ ಕೊಟ್ಟಿಗೆಯ ಹಿಂದೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಇವರಿಗೆ ಹಾಲು ಉಳಿಯುವುದೇ ಬೇಡವಾಗಿದೆಯೇ ಎಂದು ನನಗೆ ದಿಗಿಲಾಯಿತು. ಆದರೂ ಮರುದಿನ ಹೊತ್ತಿಗೆ ಸರಿಯಾಗಿ ಇಬ್ಬರೂ ಗಳದ ಹತ್ತಿರ ಬಂದು ನಿಂತರು. ಏಳು ದಿನ ಮಾತಿಲ್ಲದೆ ನಡೆದರು. ನಾವು ಏಳು ದಿನ ಕುಟ್ಟಿ ಕುಟ್ಟಿ, ಮನೆಯಲ್ಲಿದ್ದ ನವಣೆಯೆಲ್ಲ ಅಕ್ಕಿಯಾಯಿತು.

ಸೋಮವಾರ ಬೆಳಿಗ್ಗೆ ಹೆಂಗಸರೆಲ್ಲ ರೊಪ್ಪದಿಂದ ಕೂಗಳತೆಯಲ್ಲಿ ನಿಂತೆವು. ಮುಂದೆ ಕೋಲು ಹಿಡಿದ ದೊಡ್ಡೀರಪ್ಪ, ಅವರ ಪಕ್ಕ ಉರುಮೆಯವನು. ಮುಂದೆ ಹೋಗುವವರು ಹಿಂತಿರುಗಿ ನೋಡಬಾರದೆಂಬ ಕಟ್ಟಳೆಯೊಂದು ಇದ್ದದ್ದು ನಮ್ಮ ಪುಣ್ಯ. ಉರುಮೆ ಮೊಳಗಿತು. ಬಾವನ ಹೆಜ್ಜೆ ಪೆಟ್ಟಿಗೆ ಬಿತ್ತು. ಇವರ ಹೆಜ್ಜೆ ಎರಡು ಪೆಟ್ಟುಗಳ ನಡುವಿನ ಸಂದಿಗೆ ಬಿತ್ತು. ದೂರದಿಂದ ನೋಡುವವರಿಗೆ ಇವರಿಗೆ ತಾಳವೇ ತಿಳಿಯದು ಎನಿಸಬೇಕು. ನಮ್ಮ ಹಿಂದೆ ಬರುತ್ತಿದ್ದ ಹಟ್ಟಿಯ ಹೊನ್ನಕ್ಕ, "ಅಯ್ಯೋ, ಈ ಸಲವೂ ಹೊಂದಿಕೆ ಇಲ್ಲ ನೋಡೆ," ಎಂದು ಗೊಣಗಿದಳು. ನಾನು ಹೆಜ್ಜೆ ಎಣಿಸುತ್ತಿದ್ದೆ.

ಅಕ್ಷರ ಕೊರೆದ ಗುಂಡುಕಲ್ಲು ದಾಟಿದೆವು. ಹುಣಸೆಮರ ದಾಟಿದೆವು. ಎಲ್ಲ ಸರಿಯಾಗಿತ್ತು. ಹಳ್ಳದ ಮರಳಿಗೆ ಇಳಿದಾಗ ಕಾಲು ಹೂತು ಇಬ್ಬರ ನಡಿಗೆಯೂ ನಿಧಾನವಾಯಿತು, ಉರುಮೆಯವನೂ ನಿಧಾನ ಮಾಡಿದ. ಆಚೆ ದಡ ಹತ್ತುವಾಗ ನೋಡುತ್ತೇನೆ, ಇಬ್ಬರ ಕಾಲೂ ಒಟ್ಟಿಗೆ ಬೀಳುತ್ತಿವೆ. ಗಳ ನಡುವಿನಲ್ಲಿ ಬಾಗಿ ಬಾಗಿ ಏಳುತ್ತಿದೆ. ಇಳಿಜಾರಿನಲ್ಲಿ ಕೆಳಗಿದ್ದ ನನ್ನ ಕಣ್ಣಿಗೂ ಗಡಿಗೆಯ ಅಂಚಿನ ಮೇಲೆ ಒಂದು ಸಲ ಹಾಲಿನ ಬಿಳಿ ಕಂಡಿತು, ಮರೆಯಾಯಿತು, ಮತ್ತೆ ಇನ್ನಷ್ಟು ಮೇಲೆ ಕಂಡಿತು. ವೀರಮ್ಮಕ್ಕ ನನ್ನ ಮುಂಗೈ ಹಿಡಿದಳು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಆಗ ಬಾವನ ದನಿ ಕೇಳಿತು. ಮೆಲ್ಲಗೆ, ದನ ಬೆದರದ ಹಾಗೆ ಮಾತಾಡುವ ದನಿ.

"ಸೂರಾ, ಅರೆ ಹೆಜ್ಜೆ ತಡಿ."

ಇವರು ಎತ್ತಿದ ಕಾಲನ್ನು ಒಂದು ಕ್ಷಣ ಹಾಗೇ ಹಿಡಿದು ಆಮೇಲೆ ಊರಿದರು. ಮುಂದಿನ ಹೆಜ್ಜೆ ಮತ್ತೆ ಸಂದಿಗೆ ಬಿತ್ತು. ಬಿಳಿ ಇನ್ನೊಮ್ಮೆ ಸಣ್ಣಗೆ ಕಂಡಿತು. ಆಮೇಲೆ ಕಾಣಲಿಲ್ಲ. ಎರಡು ವರ್ಷದಲ್ಲಿ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. 

ಗುಡಿಯ ಮುಂದೆ ಗಡಿಗೆ ಇಳಿಸಿದರು. ದೊಡ್ಡೀರಪ್ಪ ಬಗ್ಗಿ ಗಡಿಗೆಯ ಕುತ್ತಿಗೆ, ಹೊಟ್ಟೆ, ತಳ ಎಲ್ಲವನ್ನೂ ಅಂಗೈಯಿಂದ ಸವರಿ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಒಣಗೈತೆ," ಎಂದರು. ಮತ್ತೊಮ್ಮೆ ಸವರಿದರು. "ಪೂರಾ ಒಣಗೈತೆ. ನೋಡ್ರಪ್ಪಾ, ಒಂದೇ ಮನಸ್ಸು ಒಂದೇ ಹೆಜ್ಜೆ ಅಂದ್ರೆ ಇದು. ದನಾನೂ ಇಲ್ಲೇ ಇರ್ಲಿ, ಮನೇನೂ ಹಂಗೇ ಇರ್ಲಿ."

ವೀರಮ್ಮಕ್ಕ ನನ್ನ ಸೊಂಟ ಚಿವುಟಿದಳು. ನಗು ಬಂದರೆ ಕೆಟ್ಟೆ ಎಂದು ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನೋಡಿದವರು ಭಕ್ತಿಯಿಂದ ಅಳುತ್ತಿದ್ದಾಳೆ ಎಂದುಕೊಂಡರು, ಅದೂ ಅರ್ಧ ನಿಜವೇ ಆಗಿತ್ತು.

ಮಧ್ಯಾಹ್ನ ಮನೆಗೆ ಬಂದು ಉಪವಾಸ ಬಿಡಲು ಇಬ್ಬರೂ ಕೂತರು. ಮುದ್ದೆ ಬಡಿಸಿ ಬಾಗಿಲ ಹಿಂದೆ ಬಂದು ನಿಂತೆ. ನನ್ನ ಗಂಡ ಮುದ್ದೆ ಮುಟ್ಟಲಿಲ್ಲ.

"ಅಣ್ಣಾ, ಒಂದು ಮಾತು ಹೇಳ್ಬೇಕು," ಎಂದರು. "ಮಾರಿಕಣಿವೇಲಿ ನಂಗೆ ಜ್ವರ ಬಂದಿತ್ತು. ಮೈ ಮೇಲೆ ಎಚ್ಚರ ಇರ್ಲಿಲ್ಲ. ಜೊತೆಗಿದ್ದೋನು ಬಾಯಿಗೆ ಹೆಂಡ ಹಾಕ್ದ. ಮೊದಲ್ನೇ ಗುಟುಕು ತಿಳೀಲಿಲ್ಲ. ಎರಡ್ನೇದು ತಿಳೀತು. ತಿಳಿದೂ ಕುಡ್ದೆ. ಎರಡು ವರ್ಷ ಹಾಲು ಚೆಲ್ಲಿಸ್ದೋನು ನಾನೇ ಅಂತ ಇದ್ದೆ. ನನ್ನಿಂದ ನಿನ್ನ ಹೆಸರೂ ಕೆಡ್ತಲ್ಲ ಅಂತ ನಿನ್ನ ಮುಖ ನೋಡಾಕೆ ಆಗ್ತಿರ್ಲಿಲ್ಲ."

ಬಾವ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. ಮುಗಿಯಿತು, ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ.

"ಲೇ," ಎಂದರು.  "ಆ ಮೊದಲ್ನೇ ವರ್ಷ ಹಾಲು ಕರೀತಿದ್ನಲ್ಲ, ಕೈ ಮೇಲೆ ನೊರೆ ಬಿತ್ತು. ದಿನಾ ನೆಕ್ಕೋ ಅಭ್ಯಾಸ. ನೆಕ್ಕಿಬಿಟ್ಟೆ. ದೇವರ ಮೀಸಲು, ಅದೂ ಉಪವಾಸದ ದಿನ. ಹಳ್ಳದ ಹತ್ರ ಹಾಲು ನನ್ನ ಬೆನ್ನಿಗೇ ಚೆಲ್ತಲ್ಲ, ಅವತ್ತೇ ಅಂದ್ಕಂಡೆ, ಗುರ್ತು ಹಿಡಿದು ಚೆಲ್ಲೈತೆ ಅಂತ. ನಿನಗೆ ಗೊತ್ತಾಗೈತೆ, ಅದಕ್ಕೇ ಮಾತು ಬಿಟ್ಟಿದ್ದೀಯ ಅಂತ ತಿಳ್ಕಂಡಿದ್ದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬರದು ಜ್ವರದಲ್ಲಿ ಎರಡು ಗುಟುಕು, ಇನ್ನೊಬ್ಬರದು ಒಂದು ಬೆರಳು ನೊರೆ. ಅಷ್ಟಕ್ಕೆ ಒಬ್ಬರಿಗೊಬ್ಬರು ಹೆದರಿಕೊಂಡು, ಒಬ್ಬರಿಗಾಗಿ ಒಬ್ಬರು ಕೊರಗಿಕೊಂಡು, ಮನೆಯನ್ನೇ ಒಡೆಯುವ ಹಂತಕ್ಕೆ ತಂದಿದ್ದರು. ಆದರೆ ಸಿಟ್ಟಿನ ಬೆನ್ನಿಗೇ ಎದೆಯ ಮೇಲಿನ ಕಲ್ಲು ಇಳಿಯಿತು. ಈ ಮನೆಯಲ್ಲಿ ಹಗೆ ಇರಲೇ ಇಲ್ಲ. ಒಂದು ದಿನವೂ ಇರಲಿಲ್ಲ.

"ಹಂಗಾದ್ರೆ," ಎಂದರು ಬಾವ, ಯಾರನ್ನು ಕೇಳುತ್ತಿದ್ದಾರೋ ತಿಳಿಯದ ಹಾಗೆ, "ಇಬ್ರೂ ತಪ್ಪು ಮಾಡಿದ್ದೀವಿ. ಇವತ್ತು ಒಂದು ಹನೀನೂ ಚೆಲ್ಲಲಿಲ್ಲ. ದೇವರಿಗೆ ಗೊತ್ತೇ ಆಗಿರ್ಲಿಲ್ವಾ?"

ಬಾವನಿಗೆ ನಾನು ಉತ್ತರ ಕೊಡುವಂತಿರಲಿಲ್ಲ. ಆದರೂ ಬಾಗಿಲ ಹಿಂದಿನಿಂದ ಬಾಯಿ ಸುಮ್ಮನಿರಲಿಲ್ಲ.

"ದೇವರಿಗೆ ಗೊತ್ತಿತ್ತು ಬಾವ," ಎಂದೆ. "ಹಾಲಿಗೆ ಗೊತ್ತಿರ್ಲಿಲ್ಲ. ಅದಕ್ಕೆ ಗೊತ್ತಿದ್ದದ್ದು ನಿಮ್ಮ ಹೆಜ್ಜೆ ಮಾತ್ರ."

 ನನ್ನ ಗಂಡ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಬಾವ ಎಂಜಲು ಕೈಯನ್ನು ಪಂಚೆಗೆ ಒರೆಸಿಕೊಂಡು ತಮ್ಮನ ಪಕ್ಕಕ್ಕೆ ಸರಿದು, ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೆ ಹಾಗೇ ಕೂತರು. ಮುದ್ದೆ ತಣ್ಣಗಾಗಿತ್ತು. ವೀರಮ್ಮಕ್ಕ ಬೈದುಕೊಳ್ಳುತ್ತಲೇ ಬೇರೆ ಮುದ್ದೆ ಕಟ್ಟಿಕೊಟ್ಟಳು, ಇಬ್ಬರೂ ಎರಡೆರಡು ಉಂಡರು.